ಅವ್ವನ ಇಳಕಲ್ ಸೀರೆ ಹರಿದಿದೆ, ಲಂಗ ಹೊಲಿಯಬೇಕು. ಕತ್ತರಿ ಎಲ್ಲಿಂದ ಹಾಕಲಿ?

ಮಾಳಮಡ್ಡಿ ಮಳೆ

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. ಮೊನ್ನೆ ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ನಮ್ಮ ಓಣಿಗೆ ಬಂದಿದ್ದಳು. ಅವ್ವ ಗಂಟು ಬಿಚ್ಚಿ ನಾಲ್ಕು ಸೀರೆ ತೆಗೆದಿಟ್ಟಿದ್ದರು. ಅದರಲ್ಲಿ ಒಂದು ಇಳಕಲ್. ಹಸಿರು ಒಡಲು, ಕೆಂಪು ದಡಿ, ಟೋಪ್ ತೆನಿ ವಿನ್ಯಾಸದ ಸೆರಗು. ಒಂದು ಸ್ಟೀಲ್ ಡಬ್ಬಿಗೆ ಚೌಕಾಸಿ ನಡೆದಿತ್ತು. ನಾನು ಸೀರೆ ಎಳೆದುಕೊಂಡು ಒಳಗೆ ಓಡಿದೆ. ಡಬ್ಬಿ ಹೋಯಿತು ಅಂತ ಅವ್ವ ಎರಡು ದಿನ ಮಾತಾಡಲಿಲ್ಲ.

ಸೀರೆ ಎರಡು ಕಡೆ ಹರಿದಿದೆ. ಕೂರುವ ಭಾಗದಲ್ಲಿ ಅಂಗೈಯಷ್ಟು ಜಾಗ ಜಾಳಾಗಿ ಸೀಳಿದೆ. ಕೆಳಗೆ ಕಾಲಿಗೆ ಸಿಕ್ಕಿ ದಡಿಯಿಂದ ಮೇಲಕ್ಕೆ ಮೂರು ಇಂಚು ಕಿತ್ತಿದೆ. ಉಳಿದದ್ದು ಗಟ್ಟಿಯಾಗಿದೆ ಅನ್ನಿಸುತ್ತದೆ. ಉದ್ದ ಅಳೆದೆ, 216 ಇಂಚು, ಅಂದರೆ ಆರು ವಾರ. ಅಗಲ 46. ದಡಿ ಎರಡೂ ಕಡೆ ನಾಲ್ಕು ನಾಲ್ಕು ಇಂಚು.

ನನಗೆ ಅಂಬ್ರೆಲಾ ಲಂಗ ಹೊಲಿದುಕೊಳ್ಳುವ ಆಸೆ. ಸೊಂಟ 32, ಉದ್ದ 38. ಮನೆಯಲ್ಲಿ ತುಳಿಯುವ ಮಿಷಿನ್ ಇದೆ. ಇದುವರೆಗೆ ದಿಂಬಿನ ಚೀಲ, ಸೀರೆಯ ಒಳಗಿನ ಪೆಟಿಕೋಟ್ ಬಿಟ್ಟು ಬೇರೇನೂ ಹೊಲಿದಿಲ್ಲ. ಅವ್ವನದು ಒಂದೇ ಷರತ್ತು, ಸೆರಗಿಗೆ ಕತ್ತರಿ ತಾಗಬಾರದು.

ಕತ್ತರಿ ಹಿಡಿದು ಕೂತಿದ್ದೇನೆ. ಕೈ ಬರುತ್ತಿಲ್ಲ.

ಕತ್ತರಿ ಕಾಕು

ಕೈ ಬರದಿದ್ದದ್ದು ಒಳ್ಳೆಯದೇ ಆಯಿತು. ಕತ್ತರಿ ಕೆಳಗಿಡಿ. ಹುಬ್ಬಳ್ಳಿಯಲ್ಲಿ 30 ವರ್ಷ ಹೆಣ್ಣುಮಕ್ಕಳ ಬಟ್ಟೆ ಹೊಲಿದಿದ್ದೇನೆ. ಹಳೆ ಸೀರೆ ಹಾಳಾಗುವುದು ಹೊಲಿಗೆಯಲ್ಲಿ ಅಲ್ಲ, ಮೊದಲ ಅರ್ಧ ತಾಸಿನಲ್ಲಿ.

ಮೊದಲು ಫಾಲ್ ಬಿಚ್ಚಿ. ಹಳೆ ಫಾಲ್ ಬಿಚ್ಚಿದರೆ ಕೆಳಗೆ ಬಟ್ಟೆಯ ನಿಜವಾದ ಬಣ್ಣ ಕಾಣುತ್ತದೆ, ಮೇಲಿನದು ಎಷ್ಟು ಮಾಸಿದೆ ಅಂತ ಆಗ ಗೊತ್ತಾಗುತ್ತದೆ. ಆಮೇಲೆ ತಣ್ಣೀರಲ್ಲಿ ತೊಳೆದು ನೆರಳಿಗೆ ಹಾಕಿ. ಒಣಗಿದ ಮೇಲೆ ಬಾಗಿಲಿಗೆ ಅಡ್ಡವಾಗಿ ಹಿಡಿದು, ಬೆಳಕು ಹಿಂದಿನಿಂದ ಬರುವ ಹಾಗೆ, ಒಂದೊಂದು ಮೊಳ ನೋಡುತ್ತಾ ಹೋಗಿ. ಜಾಳಾದ ಕಡೆ ಬೆಳಕು ಜರಡಿಯಲ್ಲಿ ಬಂದ ಹಾಗೆ ಬರುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಅನುಮಾನ ಇದ್ದರೆ ಎರಡು ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಅದು ಲಂಗಕ್ಕಲ್ಲ, ಕೌದಿಗೆ.

ಇನ್ನು ಅಂಬ್ರೆಲಾ. ಬೇಡ. ಯಾಕೆ ಅಂತ ಹೇಳುತ್ತೇನೆ. ಅಂಬ್ರೆಲಾ ಅಂದರೆ ಚಕ್ರ. ಚಕ್ರದ ಅಂಚು ಬಾಗಿರುತ್ತದೆ. ನಿಮ್ಮ ದಡಿ ನೆಟ್ಟಗೆ ಗೆರೆ ಎಳೆದ ಹಾಗಿದೆ. ಗುಂಡಗೆ ಕತ್ತರಿಸಿದರೆ ದಡಿ ಹೊರಗೆ ಉಳಿಯುತ್ತದೆ. ಮತ್ತೆ ಅದನ್ನೇ ತಂದು ಬಾಗಿದ ಅಂಚಿಗೆ ಹಚ್ಚಿದರೆ ಸುತ್ತಲೂ ಮುದುಡುತ್ತದೆ. ಕಳಿ, ಅಂದರೆ ಓರೆ ತುಂಡು, ಜೋಡಿಸಿದ ಲಂಗವೂ ಇದಕ್ಕೆ ಸರಿ ಹೋಗುವುದಿಲ್ಲ. ಕಳಿಗಳನ್ನು ಓರೆಯಾಗಿ ಕತ್ತರಿಸುತ್ತೇವಲ್ಲ, ಪ್ರತಿ ಜೋಡಣೆಯಲ್ಲಿ ದಡಿ ಮೂಲೆ ಮುರಿದುಕೊಳ್ಳುತ್ತದೆ. ದಡಿ ಇರುವ ಸೀರೆಗೆ ನಮ್ಮ ಹಳೆ ಪರಕರದ ಲೆಕ್ಕವೇ ಲೆಕ್ಕ. ನೆಟ್ಟಗೆ ಕತ್ತರಿಸಿ, ಮೇಲೆ ನೆರಿಗೆ ಹಿಡಿದು, ಪಟ್ಟಿ ಕಟ್ಟುವುದು.

ಗದಗಿನ ಗಾಳಿ

ಕಾಕು ಹೇಳಿದ್ದು ದಡಿ ಸೀರೆಗೆ ಸರಿ. ಆದರೆ ಅಂಬ್ರೆಲಾಗೆ ಇಷ್ಟು ಸಿಟ್ಟು ಬೇಡ ಕಾಕು! ದಡಿ ಇಲ್ಲದ ಪ್ರಿಂಟೆಡ್ ಸೀರೆಯಲ್ಲಿ ಮಸ್ತ್ ಬರುತ್ತದೆ. ನಾನು ಎರಡು ಹೊಲಿದಿದ್ದೇನೆ. ಲೆಕ್ಕ ಸುಲಭ. ಸೊಂಟಕ್ಕೆ ಒಂದು ಇಂಚು ಸಡಿಲ ಸೇರಿಸಿ 33 ಅಂದುಕೊಳ್ಳಿ. ಅದನ್ನು 6.28ರಿಂದ ಭಾಗಿಸಿದರೆ ಸುಮಾರು 5.25. ಮಡಚಿದ ಮೂಲೆಯಿಂದ 5.25 ಇಂಚಿಗೆ ಒಂದು ಬಾಗು ಗೆರೆ, ಅಲ್ಲಿಂದ ಲಂಗದ ಉದ್ದಕ್ಕೆ ಇನ್ನೊಂದು. ಅರ್ಧ ಚಕ್ರ ಸಾಕು ಅಂದರೆ 3.14ರಿಂದ ಭಾಗಿಸಿ, 10.5 ಬರುತ್ತದೆ. ಸೀರೆಯ ಅಗಲದಲ್ಲಿ ಇಡೀ ಚಕ್ರ ಕೂರುವುದಿಲ್ಲ. ಎರಡು ಅರ್ಧ ಚಕ್ರ ಕತ್ತರಿಸಿ ಪಕ್ಕದಲ್ಲಿ ಜೋಡಿಸಬೇಕು. 30 ಇಂಚು ಉದ್ದದ ಲಂಗಕ್ಕೆ ನಾಲ್ಕು ವಾರ ಹೋಗುತ್ತದೆ.

ಒಂದು ಮಾತ್ರ ಮರೆಯಬೇಡಿ. ಕೆಳಗಿನ ಅಂಚು ಆ ದಿನವೇ ಮಡಚಿ ಹೊಲಿಯಬೇಡಿ. ಸೊಂಟದ ಪಟ್ಟಿ ಹಚ್ಚಿ ಒಂದು ದಿನ ಪೂರ್ತಿ ತೂಗು ಹಾಕಿ. ಬಟ್ಟೆ ಓರೆಯಾಗಿರುವ ಕಡೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನನ್ನ ಮೊದಲನೆಯದು ಎಡಕ್ಕೆ ಎರಡು ಇಂಚು ಜೋಲು ಬಿದ್ದಿತ್ತು.

ಇನ್ನೊಂದು, ಇದು ಅನುಭವದ ಮಾತು. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಗದಗ ಬಸ್ ಸ್ಟ್ಯಾಂಡಿನಲ್ಲಿ ಅಂಬ್ರೆಲಾ ಲಂಗ ಹಾಕಿಕೊಂಡು ಇಳಿದರೆ ಅದು ಹೆಸರಿಗೆ ತಕ್ಕ ಹಾಗೆ ಛತ್ರಿಯೇ ಆಗುತ್ತದೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಲಂಗ.

ಉಣಕಲ್ ದಂಡೆ

ಎಲ್ಲರೂ ಹೇಗೆ ಕತ್ತರಿಸಬೇಕು ಅಂತ ಹೇಳುತ್ತಿದ್ದೀರಿ. ಯಾಕೆ ಕತ್ತರಿಸಬೇಕು ಅಂತ ಯಾರೂ ಕೇಳುತ್ತಿಲ್ಲ. ಟೋಪ್ ತೆನಿ ಸೆರಗಿನ ಕೈಮಗ್ಗದ ಸೀರೆ ಈಗ ಎಷ್ಟು ಮನೆಯಲ್ಲಿದೆ? ರಫು ಮಾಡಿಸಿ ಇಟ್ಟುಕೊಳ್ಳಿ. ಲಂಗಕ್ಕೆ ದುರ್ಗದಬೈಲಿನಲ್ಲಿ ಬಟ್ಟೆ ಸಿಗದೇ ಇರುತ್ತದೆಯೇ?

ಮಾಳಮಡ್ಡಿ ಮಳೆ

ರಫು ಮಾಡುವವರನ್ನು ಕೇಳಿದೆ. ಸೀಳಿದ ಜಾಗ ಕಟ್ಟಬಹುದು, ಆದರೆ ಸುತ್ತಲಿನ ಬಟ್ಟೆ ಜಾಳಾಗಿದೆ, ಕೂತರೆ ಪಕ್ಕದಲ್ಲಿ ಮತ್ತೆ ಸೀಳುತ್ತದೆ ಅಂದರು. ಉಡಲು ಬಾರದ ಸೀರೆ ಇದು. ನಾನು ಎಳೆದುಕೊಳ್ಳದಿದ್ದರೆ ಡಬ್ಬಿಗೆ ಹೋಗುತ್ತಿತ್ತು.

ಕತ್ತರಿ ಕಾಕು

ಉಣಕಲ್ ಅವರೇ, ನಿಮ್ಮ ಮನೆಯಲ್ಲಿ ಕೌದಿ ಇಲ್ಲವೇ? ಅದರೊಳಗೆ ಏನಿದೆ ಅಂದುಕೊಂಡಿದ್ದೀರಿ? ನಿಮ್ಮ ಅಜ್ಜಿಯ ಸೀರೆ, ಅವರ ಅಕ್ಕನ ಸೀರೆ, ಯಾರದೋ ಧೋತರ. ನಮ್ಮ ಕಡೆ ಸೀರೆಗೆ ಎರಡನೇ ಜನ್ಮ ಇದ್ದೇ ಇದೆ. ಕಲಘಟಗಿ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಅನ್ನುವ ಕೌದಿ ನೋಡಿ. ಅಂಚಿನಿಂದ ಶುರು ಮಾಡಿ ಒಳಕ್ಕೆ ಹೊಲಿಯುತ್ತಾ ಬರುತ್ತಾರೆ, ಮೂಲೆಗೊಂದು ಬಟ್ಟೆ ಮಡಚಿದ ಫೂಲ (ಹೂವು) ಇಡುತ್ತಾರೆ. ಅದೂ ಹಳೆ ಬಟ್ಟೆಯೇ.

ಒಳ್ಳೆ ಸೀರೆ ಕತ್ತರಿಸಬಾರದು, ಅದನ್ನು ಒಪ್ಪುತ್ತೇನೆ. ಉಡಲು ಬರುವ ಸೀರೆ ತಂದು ಮಿಡಿ ಮಾಡಿಕೊಡಿ ಅಂದವರನ್ನು ವಾಪಸ್ ಕಳಿಸಿದ್ದೇನೆ. ಇದು ಹಾಗಲ್ಲ.

ಬೆಟಗೇರಿ ಎಳೆ

ನಮ್ಮದು ನೇಕಾರರ ಮನೆ. ಮಗ್ಗದ ಕಡೆಯಿಂದ ಎರಡು ಮಾತು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಅವ್ವನವರ ಸೀರೆಯಲ್ಲಿ ಹಸಿರು ಮುಗಿದು ಕೆಂಪು ಶುರುವಾಗುವ ಕಡೆ ಉಗುರು ಆಡಿಸಿ ನೋಡಿ, ಸಣ್ಣ ಉಬ್ಬು ಸಿಗುತ್ತದೆ. ಅದೇ ಕೊಂಡಿ. ಅದಕ್ಕೆ ತಾಗಿಕೊಂಡು ಕತ್ತರಿಸಿದರೆ ಸೆರಗು ಬಿಚ್ಚಿಕೊಳ್ಳುತ್ತದೆ. ಒಡಲಿನ ಕಡೆಯೇ ಎರಡು ಇಂಚು ಬಿಟ್ಟು ಕತ್ತರಿಸಿ. ಆಗ ಸೆರಗು ಹಾಗೇ ಉಳಿಯುತ್ತದೆ, ಅವ್ವನ ಷರತ್ತೂ ಉಳಿಯುತ್ತದೆ.

ಎರಡನೆಯದು, ಒಡಲು ಹತ್ತಿ, ದಡಿ ಮತ್ತು ಸೆರಗು ರೇಷ್ಮೆ ಇರಬಹುದು ಅಥವಾ ಚಮಕಾ (ಕೃತಕ ರೇಷ್ಮೆ) ಇರಬಹುದು. ನೀರಿಗೆ, ಇಸ್ತ್ರಿಗೆ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ತಿಳಿಯಬೇಕಾದರೆ ದಡಿಯ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಕಪ್ಪು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ಹಾಗೆ ಸುಟ್ಟರೆ ಹತ್ತಿ ಅಥವಾ ಚಮಕಾ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಆದರೆ ಇಸ್ತ್ರಿ ಸಣ್ಣದಿರಲಿ.

ಬಣ್ಣ ಬಿಡುತ್ತದೆಯೋ ನೋಡಲು ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ. ಉಪ್ಪು ನೀರಲ್ಲಿ ನೆನೆಸಿ ಅಂತ ಯಾರಾದರೂ ಈಗ ಬರೆಯುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. ಉಪ್ಪು ಬಣ್ಣದ ಹಂಡೆಯಲ್ಲಿ, ಬಣ್ಣ ಹಾಕುವಾಗ ಕೆಲಸ ಮಾಡುತ್ತದೆ. ಆಗಲೇ ಬಣ್ಣ ಹಾಕಿ ಮುಗಿದ ಸೀರೆಗೆ ಉಪ್ಪು ಹಾಕಿದರೆ ಉಪ್ಪು ಖರ್ಚು, ಅಷ್ಟೇ.

ಏಲಕ್ಕಿ ಊರು

ಅಯ್ಯೋ, ನಾನು ಉಪ್ಪು ಅಂತ ಟೈಪ್ ಮಾಡುತ್ತಿದ್ದೆ. ಅಳಿಸಿದೆ.

ಹಾವೇರಿಯಿಂದ ಬರೆಯುತ್ತಿದ್ದೇನೆ. ನನಗೆ ಸೀರೆಗಿಂತ ಅಂಗಿ ಸುಲಭ ಅನ್ನಿಸಿದೆ. ನಮ್ಮ ಮಾವ ಮೇಷ್ಟ್ರಾಗಿದ್ದರು. ಅವರು ತೀರಿಕೊಂಡ ಮೇಲೆ ಅಂಗಿಗಳು ಹಾಗೇ ಇದ್ದವು. ಎಲ್ಲ ಸಣ್ಣ ಗೆರೆಯವು, ಕಾಲರ್ ಸವೆದವು, ಮೈ ಗಟ್ಟಿ. ಒಂದು ಅಂಗಿಯನ್ನು ಕಂಕುಳ ಕೆಳಗೆ ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಕತ್ತರಿಸಿದೆ. ಕೆಳಗಿನ ಭಾಗವೇ ಲಂಗ! ಸುತ್ತಳತೆ 44 ಇಂಚು ಇತ್ತು. ಮಗಳ ಸೊಂಟ 22. ಸರಿಯಾಗಿ ಎರಡು ಪಟ್ಟು, ದಾರ ಎಳೆದು ಕುಗ್ಗಿಸಿದೆ. ಗುಂಡಿ ಪಟ್ಟಿ ಮುಂದೆ ಹಾಗೇ ಬಂತು. ಕಾಜಾ ಮಾಡುವ ಕಷ್ಟವೇ ಇಲ್ಲ. ಕೆಳಗಿನ ಬಾಗು ಅಂಚೂ ಮೊದಲೇ ಮಡಚಿ ಹೊಲಿದದ್ದು. ಪಟ್ಟಿಗೆ ತೋಳಿನ ಬಟ್ಟೆ ಸಾಕಾಯಿತು.

ಜೇಬನ್ನು ಬಿಚ್ಚಿ ಲಂಗದ ಬಲಗಡೆಗೆ ಹಚ್ಚಿದೆ. ಅದರ ತಳದಲ್ಲಿ ಕೆಂಪು ಶಾಯಿಯ ಚುಕ್ಕೆ ಇದೆ. ಪೇಪರ್ ತಿದ್ದುವ ಪೆನ್ ಇಡುತ್ತಿದ್ದರು. ತೊಳೆದರೆ ಹೋಗುವ ಹಾಗಿರಲಿಲ್ಲ, ನಾನೂ ಜಾಸ್ತಿ ಉಜ್ಜಲಿಲ್ಲ. ಮಗಳು ಅದರಲ್ಲಿ ಬಳಪ ಇಟ್ಟುಕೊಳ್ಳುತ್ತಾಳೆ.

ನವಲೂರು ಪ್ಯಾರಲ

ಜೀನ್ಸ್ ಬಗ್ಗೆ ಯಾರಾದರೂ ಹೇಳಿ. ಅಣ್ಣನ ಎರಡು ಜೀನ್ಸ್ ಇವೆ, ಮೊಣಕಾಲಲ್ಲಿ ಹರಿದಿವೆ. ಕಾಲಿನ ಒಳ ಹೊಲಿಗೆ ಬಿಚ್ಚಿ ತ್ರಿಕೋನ ತುಂಡು ಸೇರಿಸಿದೆ. ಮುಂದೆ, ಚೈನ್ ಕೆಳಗೆ, ಕೊಕ್ಕಿನ ಹಾಗೆ ಎದ್ದು ನಿಲ್ಲುತ್ತದೆ. ನೋಡಲು ಅಸಹ್ಯ.

ಕತ್ತರಿ ಕಾಕು

ಎಲ್ಲರೂ ಅಲ್ಲೇ ಎಡವುತ್ತಾರೆ. ಪ್ಯಾಂಟಿನ ನಡುವಿನ ಹೊಲಿಗೆ ಚೈನ್ ಕೆಳಗೆ ಬಾಗಿ ಹಿಂದಕ್ಕೆ ಹೋಗುತ್ತದೆ. ಕಾಲು ಬಿಚ್ಚಿದರೂ ಆ ಬಾಗು ಉಳಿದಿರುತ್ತದೆ. ಚೈನ್ ಮುಗಿಯುವ ಹತ್ತಿರದವರೆಗೆ ಎರಡು ಮೂರು ಇಂಚು ಬಿಚ್ಚಿ. ನೆಲದ ಮೇಲೆ ಹಾಸಿ, ಒಂದರ ಮೇಲೆ ಒಂದು ಚಪ್ಪಟೆಯಾಗಿ ಕೂರುವವರೆಗೆ ಸರಿಸಿ. ಆಮೇಲೆ ಮೇಲಿನಿಂದಲೇ ಹೊಲಿಗೆ ಹಾಕಿ, ಕೆಳಗೆ ಹೆಚ್ಚಾದ ಬಾಗನ್ನು ಕತ್ತರಿಸಿ. ಹಿಂದೆಯೂ ಹೀಗೇ. ತ್ರಿಕೋನ ಹಚ್ಚುವುದು ಇಷ್ಟೆಲ್ಲ ಆದ ಮೇಲೆ. ನೀವು ಮೊದಲೇ ತ್ರಿಕೋನ ಹಚ್ಚಿದ್ದೀರಿ. ಬಿಚ್ಚಿ.

ತುಳಿ ಮಿಷಿನ್

ರಾಣೆಬೆನ್ನೂರಿನಲ್ಲಿ ಮಿಷಿನ್ ರಿಪೇರಿ ಮಾಡುತ್ತೇನೆ. ಜೀನ್ಸಿಗೆ 16 ನಂಬರ್ ಸೂಜಿ ಹಾಕಿ. ಅಂಗಿ ಬಟ್ಟೆಗೆ 14. ಹಳೆ ಇಳಕಲ್, ತೆಳು ರೇಷ್ಮೆಗೆ 11. ನನ್ನ ಹತ್ತಿರ ‘ಮಿಷಿನ್ ಹೊಲಿಗೆ ಬಿಡುತ್ತದೆ’ ಅಂತ ಬರುವ ಹತ್ತರಲ್ಲಿ ಏಳು ಜನರಿಗೆ ಸೂಜಿ ಬದಲಿಸಿ ಕಳಿಸುತ್ತೇನೆ. ಮೊಂಡು ಸೂಜಿ ಹಳೆ ಬಟ್ಟೆಯ ಎಳೆ ಸರಿಸಿ ಒಳಗೆ ಹೋಗುವುದಿಲ್ಲ, ಎಳೆ ಕಡಿದು ಹೋಗುತ್ತದೆ. ಒಂದು ವಾರದಲ್ಲಿ ಹೊಲಿಗೆ ಗುಂಟ ಸೀಳು ಬರುತ್ತದೆ. ಜನ ದಾರಕ್ಕೆ ಬೈಯುತ್ತಾರೆ.

ದಪ್ಪ ಖಾದಿಗೂ 16 ಬೇಕಾಗಬಹುದು. ಗರಗ, ಬೆಂಗೇರಿ ಖಾದಿ ಅಂದರೆ ಎಲ್ಲರಿಗೂ ರಾಷ್ಟ್ರಧ್ವಜವೇ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಅಪ್ಪನ ಖಾದಿ ಧೋತರದಿಂದ ಹೆಂಡತಿ ಎರಡು ಲಂಗ ಹೊಲಿದಿದ್ದಾಳೆ. ಬೇಸಿಗೆಗೆ ಅದರಷ್ಟು ತಂಪು ಬೇರೆ ಇಲ್ಲ.

ಜೀನ್ಸಿನ ದಪ್ಪ ಗಂಟು ಬಂದ ಕಡೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಚಪ್ಪಟೆ ಮಾಡಿ, ಚಕ್ರ ಕೈಯಿಂದ ತಿರುಗಿಸಿ ದಾಟಿಸಿ. ತುಳಿದು ದಾಟಿಸಲು ಹೋದರೆ ಸೂಜಿ ಮುರಿದು ಕಣ್ಣಿಗೆ ಬರುತ್ತದೆ.

ಮಾಳಮಡ್ಡಿ ಮಳೆ

ಇವತ್ತು ಬೆಳಕಿಗೆ ಹಿಡಿದು ನೋಡಿದೆ. ಕಾಕು ಹೇಳಿದ ಹಾಗೆ ಜರಡಿ. ಒಳ ತುದಿಯಿಂದ 35 ಇಂಚಿನವರೆಗೆ ಹೋಯಿತು ಅಂತಲೇ ಲೆಕ್ಕ. ಅಲ್ಲಿಂದ ಕೊಂಡಿಯ ಹತ್ತಿರದವರೆಗೆ 141 ಇಂಚು ಚೆನ್ನಾಗಿದೆ. ಆದರೆ ಕಾಲಿಗೆ ಸಿಕ್ಕ ಸೀಳು ಸರಿಯಾಗಿ ಇದರ ನಡುವೆ ಇದೆ. ಕೆಳ ದಡಿ ಎಲ್ಲ ಕಡೆ ಸವೆದು ಎಳೆ ಎದ್ದಿದೆ. ಇದನ್ನು ಲಂಗದ ಕೆಳಗೆ ಹಾಕಿಕೊಂಡರೆ ಹಳತು ಅಂತ ಕೂಗಿ ಹೇಳಿದ ಹಾಗೆ.

ಕತ್ತರಿ ಕಾಕು

ಸೀರೆ ತಲೆಕೆಳಗು ಮಾಡಿ!

ಸೀರೆಗೆ ಎರಡು ದಡಿ ಇವೆ ಅಲ್ವಾ? ಕೆಳಗಿನದು ರಸ್ತೆ ಗುಡಿಸಿದೆ. ಮೇಲಿನದು ಇಷ್ಟು ವರ್ಷ ಸೊಂಟದೊಳಗೆ ಸಿಕ್ಕಿಸಿಕೊಂಡು ಆರಾಮಾಗಿ ಕೂತಿದೆ. ಅದು ಹೊಸದರ ಹಾಗೇ ಇರುತ್ತದೆ. ಅದನ್ನು ಲಂಗದ ಕೆಳಗೆ ತನ್ನಿ. ನಿಮ್ಮ ಒಡಲಿನಲ್ಲಿ ಮೇಲೆ ಕೆಳಗೆ ಅನ್ನುವ ಚಿತ್ರ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕ ಹಾಕೋಣ. ಲಂಗ 38 ಬೇಕು. ಸೊಂಟದ ಪಟ್ಟಿ ಒಂದೂವರೆ. ಉಳಿದದ್ದು 36.5, ಹೊಲಿಗೆಗೆ ಅರ್ಧ ಸೇರಿಸಿ 37. ಮೇಲಿನ ದಡಿಯ ಅಂಚಿನಿಂದ 37 ಇಂಚಿಗೆ ಉದ್ದಕ್ಕೂ ಗೆರೆ ಎಳೆದು ಕತ್ತರಿಸಿ. ಕೆಳಗೆ ಮಡಚುವ ಕೆಲಸವೇ ಇಲ್ಲ, ದಡಿಗೆ ನೇಯ್ದ ಅಂಚು ಇದೆ. ಉಳಿದ ಒಂಬತ್ತು ಇಂಚಿನ ಪಟ್ಟಿಯಲ್ಲಿ ನಿಮ್ಮ ಸೀಳು, ಸವೆದ ದಡಿ ಎಲ್ಲ ಹೊರಗೆ ಹೋಯಿತು.

ಆ ಸವೆದ ದಡಿಯಲ್ಲೂ ಚೆನ್ನಾಗಿರುವ 36 ಇಂಚು ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಅದೇ ಸೊಂಟದ ಪಟ್ಟಿ. ನಾಲ್ಕು ಇಂಚು ಅಗಲವನ್ನು ಎರಡಾಗಿ ಮಡಚಿ, ಎರಡೂ ಕಡೆ ಅರ್ಧ ಒಳಗೆ ಹೋದರೆ ಸರಿಯಾಗಿ ಒಂದೂವರೆ. ನೋಡಿ, ಸೀರೆಯೇ ಅಳತೆ ಹೇಳುತ್ತಿದೆ.

ಅಗಲ 96 ಇಂಚು ತೆಗೆದುಕೊಳ್ಳಿ, ಸೊಂಟದ ಮೂರು ಪಟ್ಟು. ಹತ್ತಿಗೆ ಎರಡೂವರೆಯಿಂದ ಮೂರು ಪಟ್ಟು ಚೆಂದ. ಅದಕ್ಕಿಂತ ಜಾಸ್ತಿ ಆದರೆ ಸೊಂಟದಲ್ಲಿ ದಿಂಬು ಕಟ್ಟಿದ ಹಾಗೆ ಆಗುತ್ತದೆ. ಮಿಷಿನ್‌ನಲ್ಲಿ ಹೊಲಿಗೆ ಎಷ್ಟು ದೊಡ್ಡದು ಬರುತ್ತದೋ ಅಷ್ಟು ದೊಡ್ಡದಿಟ್ಟು, ಮೇಲಿನ ದಾರ ಸ್ವಲ್ಪ ಸಡಿಲ ಮಾಡಿ, ಕಾಲು ಇಂಚು ಅಂತರದಲ್ಲಿ ಎರಡು ಸಾಲು ಹಾಕಿ. ಆಮೇಲೆ ಬಾಬಿನ್ ದಾರ ಎರಡನ್ನೂ ಒಟ್ಟಿಗೆ ಎಳೆಯಿರಿ. ಒಂದೇ ಸಾಲು ಹಾಕಿದವರು ನೆರಿಗೆ ಒಂದು ಕಡೆ ಗುಂಪಾಯಿತು ಅಂತ ಅಳುತ್ತಾರೆ.

ಫಾಲ್ ಹೊಲಿದ ಸೂಜಿ ತೂತು ಪಟ್ಟಿಯ ಮೇಲೆ ಕಂಡರೆ ನೀರು ಚಿಮುಕಿಸಿ ಇಸ್ತ್ರಿ ಮಾಡಿ. ಎಳೆ ಕೂಡಿಕೊಳ್ಳುತ್ತವೆ.

ಬೆಟಗೇರಿ ಎಳೆ

ಒಂದು ತಿಳಿದಿರಲಿ. ಹೀಗೆ ಕತ್ತರಿಸಿದರೆ ಹಾಸು ಅಡ್ಡ ಬರುತ್ತದೆ, ಹೊಕ್ಕು (ಸೀರೆಯ ಅಡ್ಡ ಎಳೆ) ಮೇಲಿಂದ ಕೆಳಗೆ ನೇತಾಡುತ್ತದೆ. ಲಂಗದ ಭಾರ ಹೊಕ್ಕಿನ ಮೇಲೆ. ಹತ್ತಿ ಇಳಕಲ್ ತಡೆಯುತ್ತದೆ. ಆದರೂ ಅಸ್ತರ ಹಾಕಿದರೆ ಸೀರೆಗೆ ಎಳೆತ ಕಡಿಮೆ.

ಮಾಳಮಡ್ಡಿ ಮಳೆ

(ಹತ್ತು ದಿನ ಆಯಿತು, ಕ್ಷಮಿಸಿ)

ಕತ್ತರಿಸಿದೆ. ಗೆರೆ ಎಳೆಯಲಿಲ್ಲ, ಅವ್ವನ ಉಪಾಯ. 37 ಇಂಚಿನಲ್ಲಿ ಒಂದು ಎಳೆ ಹಿಡಿದು ಎಳೆದರು. ಎಳೆ ಬಂದ ಜಾಗ ಬಟ್ಟೆಯಲ್ಲಿ ಕೂದಲಿನಷ್ಟು ದಾರಿ ಬಿತ್ತು. ಆ ದಾರಿಯಲ್ಲೇ ಕತ್ತರಿ ಓಡಿಸಿದೆ. ಇಷ್ಟು ನೆಟ್ಟಗೆ ನಾನು ಜೀವನದಲ್ಲಿ ಏನನ್ನೂ ಕತ್ತರಿಸಿಲ್ಲ. ಎಳೆ ನಾಲ್ಕು ಸಲ ತುಂಡಾಯಿತು, ಸೂಜಿ ಮೊನೆಯಿಂದ ಮತ್ತೆ ಎತ್ತಿ ಎಳೆದರು. ಡಬ್ಬಿಯ ಸಿಟ್ಟು ಅಲ್ಲಿಗೆ ಇಳಿದ ಹಾಗೆ ಕಂಡಿತು.

ನೆರಿಗೆ ಬಂತು. ಪಟ್ಟಿ ಬಂತು. ಈಗ ಎಡವಟ್ಟಿನ ಸುದ್ದಿ. ಒಡಲಿನ ಹಸಿರನ್ನು ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿದ್ದೆ, ಏನೂ ಬಿಡಲಿಲ್ಲ. ದಡಿಯನ್ನು ನೋಡಲೇ ಇಲ್ಲ. ಅಸ್ತರಕ್ಕೆ ಕೆನೆ ಬಣ್ಣದ ಬಟ್ಟೆ ತಂದಿದ್ದೆ, ಪಟ್ಟಿಯ ಒಳಗೂ ಅದನ್ನೇ ಇಟ್ಟು ಹೊಲಿದೆ. ಸೂಜಿ ತೂತು ಮುಚ್ಚಲಿ ಅಂತ ನೀರು ಚಿಮುಕಿಸಿ ಬಿಸಿ ಇಸ್ತ್ರಿ ಒತ್ತಿದೆ. ತಿರುವಿ ನೋಡಿದರೆ ಕೆನೆ ಬಣ್ಣದ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಅಸ್ತರದ ಮೇಲ್ಭಾಗಕ್ಕೂ ಇಳಿದಿದೆ. ಅಳು ಬಂತು.

ಕತ್ತರಿ ಕಾಕು

ತಪ್ಪು ನನ್ನದೂ ಇದೆ. ನೀರು ಚಿಮುಕಿಸಿ ಅಂದೆ, ದಡಿ ಪರೀಕ್ಷೆ ಮಾಡಿ ಅನ್ನಲಿಲ್ಲ. ಈಗ ಮತ್ತೆ ಇಸ್ತ್ರಿ ಮುಟ್ಟಿಸಬೇಡಿ. ಬಿಸಿ ತಾಗಿದಷ್ಟೂ ಕಲೆ ಕೂರುತ್ತದೆ.

ಬೆಟಗೇರಿ ಎಳೆ

ಕೆಂಪು ಹಾಗೇ. ಅವ್ವ ಆ ಸೀರೆ ಒಗೆಯುವಾಗ ದಡಿಗೆ ಜಾಸ್ತಿ ನೀರು, ಸಾಬೂನು ತಾಗಿಸಿರಲಿಕ್ಕಿಲ್ಲ. ಆ ಕಾಲದವರಿಗೆ ಗೊತ್ತಿತ್ತು. ಅಸ್ತರ ಬಿಚ್ಚಿ ತಣ್ಣೀರಲ್ಲಿ ಒಂದೆರಡು ಸಲ ಜಾಲಿಸಿ, ಹೋದಷ್ಟು ಹೋಗಲಿ. ದಡಿಯ ಪಟ್ಟಿಯನ್ನೂ ಬೇರೆಯಾಗಿ ತಣ್ಣೀರಲ್ಲಿ ನೀರು ತಿಳಿಯಾಗುವವರೆಗೆ ಜಾಲಿಸಿ, ಹಿಂಡದೆ ಹಾಸಿ ಒಣಗಿಸಿ.

ಏಲಕ್ಕಿ ಊರು

ಒಳಗೆ ಇರುವುದು ತಾನೇ? ಪಟ್ಟಿಯ ಒಳಗೆ ಕೆಂಪು ಬ್ಲೌಸ್ ಪೀಸ್ ಹಾಕಿಬಿಡಿ. ಉಡಿ ತುಂಬಿದಾಗ ಬಂದ ಬ್ಲೌಸ್ ಪೀಸುಗಳು ಎಲ್ಲರ ಮನೆಯಲ್ಲೂ ಒಂದು ಟ್ರಂಕ್ ಇರುತ್ತವೆ. ಬಣ್ಣ ಬಿಟ್ಟರೂ ಕೆಂಪಿನ ಮೇಲೆ ಕೆಂಪು.

ಉಣಕಲ್ ದಂಡೆ

ಇದಕ್ಕೇ ನಾನು ಹೇಳಿದ್ದು.

ಗದಗಿನ ಗಾಳಿ

ಉಣಕಲ್ ಅವರೇ, ಸೀರೆಗೆ ಏನೂ ಆಗಿಲ್ಲ. ಅಸ್ತರಕ್ಕೆ ಆಗಿದೆ.

ನವಲೂರು ಪ್ಯಾರಲ

ಕಾಕು, ಕೊಕ್ಕು ಹೋಯಿತು! ಎರಡನೇ ಜೀನ್ಸಿನ ಕಾಲಿನಿಂದ ತ್ರಿಕೋನ ತೆಗೆದೆ. ಇನ್ನೊಂದು ಪ್ರಶ್ನೆ. ಚಿಕ್ಕಮ್ಮ ಒಂದು ಕಸೂತಿ ಸೀರೆ ಕೊಟ್ಟಿದ್ದಾರೆ. ಕಪ್ಪು, ಚಂದ್ರಕಾಳಿ. ಮೈ ತುಂಬ ತೂತು, ಆದರೆ ಕಸೂತಿ ಇರುವ ಕಡೆ ಗಟ್ಟಿಯಾಗಿದೆ. ಜೀನ್ಸಿನ ತ್ರಿಕೋನದ ಜಾಗಕ್ಕೆ ಆ ಕಸೂತಿ ತುಂಡು ಹಾಕಲೇ?

ಕತ್ತರಿ ಕಾಕು

ಹಾಕಿ, ಆದರೆ ನಿಧಾನ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಗೊತ್ತಲ್ಲ? ಹೊಲಿಗೆ ಗವಂತಿ ಇರಲಿ, ಮುರ್ಗಿ ಇರಲಿ, ನೇಯ್ಗಿ, ಮೆಂತಿ ಇರಲಿ, ದಾರ ಬಟ್ಟೆಯೊಳಗೇ ಹೊಕ್ಕು ಅಲ್ಲೇ ಮುಗಿಯುತ್ತದೆ. ಗವಂತಿ, ಮುರ್ಗಿಯಲ್ಲಂತೂ ಉಲ್ಟಾ ಸೀದಾ ಎರಡೂ ಒಂದೇ ಥರ ಕಾಣುತ್ತವೆ. ನೋಡಲು ಚೆಂದ. ಆದರೆ ನಡುವೆ ಕತ್ತರಿ ಹಾಕಿದಿರೋ, ಹಿಡಿದು ನಿಲ್ಲಿಸಲು ಗಂಟು ಇಲ್ಲ. ಗೋಪುರ ಒಂದೊಂದೇ ಮೆಟ್ಟಿಲು ಬಿಚ್ಚುತ್ತಾ ಬರುತ್ತದೆ.

ಅದಕ್ಕೆ ಮೊದಲು ಹೊಲಿಗೆ, ಆಮೇಲೆ ಕತ್ತರಿ. ಎಲ್ಲಿ ಕತ್ತರಿಸಬೇಕೋ ಅದರ ಒಳಗಡೆ ಮಿಷಿನ್‌ನಲ್ಲಿ ಸಣ್ಣ ಹೊಲಿಗೆ ಎರಡು ಸಲ ಓಡಿಸಿ. ಸಾಧ್ಯವಾದರೆ ಚಿತ್ರ ಪೂರ್ತಿ ಒಳಗೆ ಬರುವ ಹಾಗೆ ನೋಡಿ. ತೇರು ಅರ್ಧ ಆದರೆ ಚೆಂದವಲ್ಲ. ಹಿಂದೆ ತೆಳು ಹತ್ತಿ ಬಟ್ಟೆ ಕೊಡಿ, ಜೀನ್ಸಿನ ಭಾರ ಅದು ಹೊರಲಿ.

ತುಳಿ ಮಿಷಿನ್

ಮತ್ತೆ ಸೂಜಿ ಬದಲಿಸಿ! ಕಸೂತಿ ತುಂಡಿಗೆ 11, ಜೀನ್ಸಿಗೆ ಜೋಡಿಸುವಾಗ 16. ಸೋಮಾರಿತನ ಮಾಡಬೇಡಿ.

ಮಾಳಮಡ್ಡಿ ಮಳೆ

ಮುಗಿಯಿತು. ಪಟ್ಟಿಯೊಳಗೆ ಕೆಂಪು ಬ್ಲೌಸ್ ಪೀಸ್ ಹಾಕಿದೆ. ಅಸ್ತರದ ಕಲೆ ಗುಲಾಬಿಯಾಗಿ ಉಳಿದಿದೆ, ಒಳಗಿದೆ, ಇರಲಿ. ಅಸ್ತರ ಎರಡು ಇಂಚು ಗಿಡ್ಡ ಇಟ್ಟೆ. ಎಡಗಡೆ ಏಳು ಇಂಚಿನ ಚೈನ್. ಲಾಡಿ ಹಾಕು ಅಂತ ಅವ್ವ ಹೇಳಿದರು, ಕೇಳಲಿಲ್ಲ. ಚೈನ್ ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು, ಅವರು ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಾ ಏನೂ ಮಾತಾಡಲಿಲ್ಲ. ಬಲಗಡೆ ಹೊಲಿಗೆಯಲ್ಲಿ ಜೇಬು ಇಟ್ಟಿದ್ದೇನೆ, ಏಲಕ್ಕಿ ಊರಿನವರ ಪ್ರಭಾವ.

ಇವತ್ತು ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದೆ. ನವನಗರದಲ್ಲಿ ಹತ್ತಿದ ಒಬ್ಬ ಅಜ್ಜಿ ಪಕ್ಕ ಕೂತು ದಡಿ ಕೈಯಲ್ಲಿ ಹಿಡಿದು ನೋಡಿದರು. ‘ಚಿಕ್ಕಿ ದಡಿ, ಎಷ್ಟು ಕೊಟ್ಟಿರಿ?’ ಅಂದರು. ಒಂದು ಸ್ಟೀಲ್ ಡಬ್ಬಿ ಅಂದೆ. ಅವರಿಗೆ ಪಕ್ಕನೆ ಅರ್ಥ ಆಯಿತು, ನಕ್ಕರು.

ಸೆರಗು ಕೊಂಡಿಯಿಂದ ಎರಡು ಇಂಚು ಬಿಟ್ಟು ಹಾಗೇ ಇದೆ. ಅಂಚಿಗೆ ಕೈಹೊಲಿಗೆ ಹಾಕಿ ಅವ್ವ ದೇವರ ಕೋಣೆಯ ಬಾಗಿಲಿಗೆ ಇಳಿಬಿಟ್ಟಿದ್ದಾರೆ. ಜಾಳಾದ 35 ಇಂಚೂ ಅವರ ಹತ್ತಿರವೇ ಇದೆ, ಕೌದಿಗಂತೆ. ಉಳಿದ 45 ಇಂಚು ಮಾತ್ರ ನನ್ನದು.

ಗದಗಿನ ಗಾಳಿ

45 ಇಂಚಿಗೆ ಅಸ್ತರ ಸಮೇತ ಒಂದು ಚೀಲ, ಮೇಲೆ ಒಂದು ಮಿಡಿ ಬ್ಲೌಸ್ ಆಗುತ್ತದೆ. ಅಂಬ್ರೆಲಾ ಆಗುವುದಿಲ್ಲ, ಸುಮ್ನೆ ಹೇಳಿದೆ.

ಉಣಕಲ್ ದಂಡೆ

ಒಂದು ಪ್ರಶ್ನೆ ಇತ್ತು. ನನ್ನ ಅಭಿಪ್ರಾಯ ಬದಲಾಗಿಲ್ಲ, ಅದು ಬೇರೆ. ನಮ್ಮ ತಾಯಿಯ ಒಂದು ಸೀರೆ ಇಲಿ ಕಡಿದು ನಡುವೆ ಪೂರ್ತಿ ಹೋಗಿದೆ. ಮಗಳಿಗೆ ಏಳು ವರ್ಷ. ಪರಕರ ಹೊಲಿಸಿದರೆ ಆರು ತಿಂಗಳಿಗೆ ಗಿಡ್ಡ ಆಗುತ್ತದಲ್ಲ, ಆಗ ಏನು ಮಾಡುವುದು?

ಕತ್ತರಿ ಕಾಕು

ಪಟ್ಟಿ ಹಿಡಿಯುವುದು. ದಡಿಯ ಮೇಲೆ, ಬಟ್ಟೆಯನ್ನು ಒಂದು ಇಂಚು ಮಡಚಿ ಸುತ್ತಲೂ ಹೊಲಿಗೆ. ಒಂದು ಇಂಚಿನ ಪಟ್ಟಿಗೆ ಎರಡು ಇಂಚು ಬಟ್ಟೆ ಒಳಗೆ ಹೋಗುತ್ತದೆ. ಅಂಥವು ಮೂರು ಹಿಡಿದರೆ ಆರು ಇಂಚು. ಗಿಡ್ಡ ಆದಾಗ ಒಂದು ಬಿಚ್ಚಿ. ಹೊಲಿಗೆ ದೊಡ್ಡದಿರಲಿ, ಬಿಚ್ಚಲು ಸುಲಭ. ಬಿಚ್ಚಿದ ಕಡೆ ಮಾಸದ ಬಣ್ಣದ ಗೆರೆ ಕಾಣುತ್ತದೆ, ಅದನ್ನು ಮುಚ್ಚಲು ಹೋಗಬೇಡಿ, ನಮ್ಮ ಕಾಲದಲ್ಲಿ ಎಲ್ಲರ ಪರಕರದಲ್ಲೂ ಇರುತ್ತಿತ್ತು. ಸೊಂಟಕ್ಕೆ ಚೈನ್ ಬೇಡ, ಲಾಡಿ ಹಾಕಿ, ಮೂರು ವರ್ಷ ಬರುತ್ತದೆ.

ದಡಿ ಬಣ್ಣ ಬಿಡುತ್ತದೆಯೋ ಮೊದಲು ನೋಡಿ. ಈ ಸಲ ಮರೆಯದೆ ಹೇಳಿದ್ದೇನೆ.

ಮಗಳ ಸೊಂಟದಿಂದ ಪಾದದವರೆಗಿನ ಅಳತೆ ನಾಳೆ ಬರೆಯಿರಿ. ಅಳೆಯುವಾಗ ಹಿಮ್ಮಡಿ ನೋಡಿಕೊಳ್ಳಿ. ಲಂಗ ಉದ್ದ ಬರಲಿ ಅಂತ ಆ ವಯಸ್ಸಿನವರು ತುದಿಗಾಲಲ್ಲಿ ನಿಂತುಬಿಡುತ್ತಾರೆ.